ಹರಟೆಯೋ, ಪ್ರಶ್ನೆಪಟ್ಟಿಯೋ, ಕೈಕೆಲಸವೋ: ಯಾವ ಹುದ್ದೆಗೆ ಯಾವ ಇಂಟರ್‌ವ್ಯೂ?

ನಾನು ಮೊದಲ ಸಲ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಂಡಾಗ ಮುಕ್ಕಾಲು ಗಂಟೆ ಮಾತಾಡಿದ್ದೆವು. ಮಾತು ಎಷ್ಟು ಚೆನ್ನಾಗಿ ಹರಿಯಿತು ಎಂದರೆ, ಕೇಳಬೇಕು ಎಂದುಕೊಂಡಿದ್ದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಮರೆತೇಹೋದವು. ಇಬ್ಬರೂ ಓದಿದ ಪುಸ್ತಕಗಳು ಒಂದೇ, ಇಬ್ಬರಿಗೂ ಹಿಡಿಸದ ವಿಷಯಗಳೂ ಒಂದೇ. ಅವರು ಎದ್ದು ಹೋಗುವ ಮೊದಲೇ ನಾನು ಮನಸ್ಸು ಮಾಡಿಯಾಗಿತ್ತು. ಹುದ್ದೆ ಇದ್ದದ್ದು ಗ್ರಾಹಕರ ದೂರುಗಳನ್ನು ದಿನವಿಡೀ ಕೇಳಿ, ತಾಳ್ಮೆಯಿಂದ ಬಗೆಹರಿಸುವುದು. ಅದರ ಬಗ್ಗೆ ನಾನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಆರು ತಿಂಗಳಾಗುವಷ್ಟರಲ್ಲಿ ಆ ಕೆಲಸ ಅವರಿಗಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಅವರು ಇದ್ದ ಕೆಲಸ ಬಿಟ್ಟು ನಮ್ಮಲ್ಲಿಗೆ ಬಂದಿದ್ದರು. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಆಮೇಲೆ ಬೇರೆ ಬೇರೆ ಬಗೆಯ ಇಂಟರ್‌ವ್ಯೂಗಳನ್ನು ಮಾಡಿದ್ದೇನೆ, ಪ್ಯಾನೆಲ್‌ಗಳಲ್ಲಿ ಕೂತಿದ್ದೇನೆ, ಇದರ ಬಗ್ಗೆ ನಡೆದ ಸಂಶೋಧನೆಯನ್ನೂ ಓದಿದ್ದೇನೆ. ಯಾವ ಬಗೆ ಚೆನ್ನಾಗಿದೆ ಎಂದು ಸುಮ್ನೆ ಕೇಳಿದರೆ ಉತ್ತರ ಸಿಗುವುದಿಲ್ಲ. ಕೇಳಬೇಕಾದ್ದು ಇದು: ಎದುರಿಗೆ ಕೂತ ಈ ಮನುಷ್ಯ ಈ ಕೆಲಸ ಮಾಡಬಲ್ಲರು ಎನ್ನುವುದಕ್ಕೆ ಅವರ ಬಳಿ ಯಾವ ಪುರಾವೆ ಇರಲು ಸಾಧ್ಯ? ಹತ್ತು ವರ್ಷ ಅದೇ ಕೆಲಸ ಮಾಡಿದವರ ಬಳಿ ನಡೆದ ಘಟನೆಗಳಿರುತ್ತವೆ. ಈಗಷ್ಟೇ ಓದು ಮುಗಿಸಿದವರ ಬಳಿ ಅವು ಇರುವುದಿಲ್ಲ, ಆದರೆ ಯೋಚಿಸುವ ರೀತಿ ಇರುತ್ತದೆ. ವೆಲ್ಡಿಂಗ್ ಮಾಡುವವರ, ಅನುವಾದ ಮಾಡುವವರ, ಕೋಡ್ ಬರೆಯುವವರ ಪುರಾವೆ ಅವರ ಕೈಯಲ್ಲೇ ಇದೆ. ಆ ಪುರಾವೆಯನ್ನು ಹೊರಗೆ ತರುವ ಬಗೆ ಯಾವುದೋ ಅದನ್ನು ಆರಿಸಿಕೊಳ್ಳಬೇಕು.

ಹಾಗಾಗಿ ಯಾವ ಬಗೆ ಎಂದು ಯೋಚಿಸುವ ಮೊದಲು ಅರ್ಧ ಗಂಟೆ ಕೂತು ಒಂದು ಹಾಳೆಯಲ್ಲಿ ಬರೆಯಿರಿ: ಸೇರಿದ ಮೊದಲ ಆರು ತಿಂಗಳಲ್ಲಿ ಇವರು ಏನೇನು ಮಾಡಬೇಕು? ಅದರಲ್ಲಿ ಕಲಿಸಬಹುದಾದ್ದು ಯಾವುದು, ಬರುವಾಗಲೇ ಇರಬೇಕಾದ್ದು ಯಾವುದು? ಕಲಿಸಬಹುದಾದ್ದನ್ನು ಹೊಡೆದುಹಾಕಿ. ಉಳಿದದ್ದು ನಾಲ್ಕೈದು ವಿಷಯ ಇರುತ್ತದೆ. ಪರೀಕ್ಷಿಸಬೇಕಾದ್ದು ಅಷ್ಟೇ. "ಒಳ್ಳೆಯ ಟೀಮ್ ಪ್ಲೇಯರ್", "ಚುರುಕಾಗಿರಬೇಕು" ಎಂದು ಬರೆದಿದ್ದರೆ ಇನ್ನೂ ಬಿಡಿಸಿ ಬರೆಯಬೇಕು. ಚುರುಕು ಎಂದರೆ ಏನು? ಒಂದು ದಿನದಲ್ಲಿ ನಲವತ್ತು ಇನ್‌ವಾಯ್ಸ್ ತಪ್ಪಿಲ್ಲದೆ ನೋಡುವುದೇ, ಅಥವಾ ಹೊಸ ಸಾಫ್ಟ್‌ವೇರ್ ಅನ್ನು ತಾನೇ ಕಲಿಯುವುದೇ? ಇವೆರಡೂ ಬೇರೆ ಬೇರೆ. ಒಂದಿದ್ದವರಲ್ಲಿ ಇನ್ನೊಂದು ಇರಬೇಕೆಂದೇನಿಲ್ಲ.

ಮುಕ್ತ ಮಾತುಕತೆ ಮತ್ತು ಒಂದೇ ಪ್ರಶ್ನೆಪಟ್ಟಿ

ಇಂಟರ್‌ವ್ಯೂ ಬಗೆಗಳಲ್ಲಿ ದೊಡ್ಡ ಆಯ್ಕೆ ಇದೇ. ಮುಕ್ತ ಮಾತುಕತೆಯಲ್ಲಿ ಪ್ರಶ್ನೆಗಳು ಮೊದಲೇ ಗೊತ್ತಾಗಿರುವುದಿಲ್ಲ. ಒಬ್ಬರ ಜೊತೆ ಮಾತು ಒಂದು ಕಡೆ ಹೋಗುತ್ತದೆ, ಇನ್ನೊಬ್ಬರ ಜೊತೆ ಇನ್ನೊಂದು ಕಡೆ. ಕೊನೆಗೆ ಒಟ್ಟಾರೆ ಅನಿಸಿಕೆಯ ಮೇಲೆ ತೀರ್ಮಾನ. ಇನ್ನೊಂದು ಬಗೆಯಲ್ಲಿ ಎಲ್ಲ ಕ್ಯಾಂಡಿಡೇಟ್‌ಗಳಿಗೂ ಅದೇ ಪ್ರಶ್ನೆ, ಅದೇ ಕ್ರಮ. ಉತ್ತರಕ್ಕೆ ಅಂಕ ಹೇಗೆ ಕೊಡಬೇಕು ಎಂದೂ ಮೊದಲೇ ಬರೆದಿಟ್ಟಿರುತ್ತದೆ.

ಮೊದಲನೆಯದು ಮಾಡುವವರಿಗೂ ಹಿತ, ಬರುವವರಿಗೂ ಹಿತ. ಎರಡನೆಯದು ಸ್ವಲ್ಪ ಬಿಗಿ ಅನಿಸುತ್ತದೆ. ಆದರೆ ಮುಂದೆ ಕೆಲಸ ಹೇಗೆ ಮಾಡುತ್ತಾರೆ ಎಂದು ಊಹಿಸುವ ವಿಷಯಕ್ಕೆ ಬಂದರೆ ಎರಡರ ನಡುವೆ ತುಂಬಾ ಅಂತರವಿದೆ. ಇದನ್ನು ಅಳೆಯಲು ಸಂಶೋಧಕರು ಬಳಸುವ ಒಂದು ಅಂಕಿ ಇದೆ. ಸೊನ್ನೆ ಎಂದರೆ ಇಂಟರ್‌ವ್ಯೂ ಅಂಕಕ್ಕೂ ಮುಂದಿನ ಕೆಲಸಕ್ಕೂ ಸಂಬಂಧವೇ ಇಲ್ಲ, ಒಂದು ಎಂದರೆ ಪೂರ್ತಿ ಹೊಂದಾಣಿಕೆ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಸಂಶೋಧನೆಯನ್ನು ಒಟ್ಟು ಸೇರಿಸಿ ನೋಡಿದರು. ಪ್ರಶ್ನೆಪಟ್ಟಿಯ ಇಂಟರ್‌ವ್ಯೂಗೆ 0.51, ಮುಕ್ತ ಮಾತುಕತೆಗೆ 0.38 ಬಂತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಹಳೆಯ ಲೆಕ್ಕದಲ್ಲಿದ್ದ ಒಂದು ತಿದ್ದುಪಡಿ ವಿಧಾನ ಅಂಕಿಗಳನ್ನು ಜಾಸ್ತಿ ಉಬ್ಬಿಸುತ್ತಿತ್ತು ಎಂದು ತೋರಿಸಿ, ಮತ್ತೆ ಲೆಕ್ಕ ಹಾಕಿದರು. ಆಗ ಪ್ರಶ್ನೆಪಟ್ಟಿಯದ್ದು 0.42ಕ್ಕೆ ಇಳಿಯಿತು. ಇಳಿದರೂ ಅವರು ನೋಡಿದ ಎಲ್ಲ ವಿಧಾನಗಳಲ್ಲಿ ಅದೇ ಮೊದಲ ಸ್ಥಾನದಲ್ಲಿತ್ತು. ಮುಕ್ತ ಮಾತುಕತೆ 0.19ಕ್ಕೆ ಬಿತ್ತು. ಇನ್ನೊಂದು ಅಂಕಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬರೀ "ಎಷ್ಟು ವರ್ಷ ಅನುಭವ" ಎನ್ನುವುದಕ್ಕೆ ಅದೇ ಪಟ್ಟಿಯಲ್ಲಿ ಸಿಕ್ಕಿದ್ದು 0.07. ಜಾಹೀರಾತಿನ ಮೊದಲ ಸಾಲಿನಲ್ಲೇ ನಾವು ಬರೆಯುವುದು ಅದನ್ನೇ ಅಲ್ವಾ?

ಒಂದು ಮಾತು ಸೇರಿಸಲೇಬೇಕು. 0.42 ಎಂದರೂ ಅದು ಭವಿಷ್ಯ ಹೇಳುವ ಯಂತ್ರವಲ್ಲ. ಎಷ್ಟೇ ಎಚ್ಚರದಿಂದ ಮಾಡಿದರೂ ತಪ್ಪು ಆಯ್ಕೆಗಳಾಗುತ್ತವೆ. ನಾವು ಮಾಡಬಹುದಾದ್ದು ತಪ್ಪುಗಳನ್ನು ಕಡಿಮೆ ಮಾಡುವುದು.

ಮುಕ್ತ ಮಾತುಕತೆ ಯಾಕೆ ಸೋಲುತ್ತದೆ? ನಾವು ದಡ್ಡರು ಎಂದಲ್ಲ. ಮಾತು ಕೇಳುತ್ತಾ ಕೇಳುತ್ತಾ ನಮ್ಮ ತಲೆ ಒಂದು ಕಥೆ ಕಟ್ಟಿಬಿಡುತ್ತದೆ. ಆಮೇಲೆ ಬರುವುದನ್ನೆಲ್ಲ ಆ ಕಥೆಗೆ ಹೊಂದಿಸಿಕೊಳ್ಳುತ್ತೇವೆ. ಜೇಸನ್ ಡಾನಾ, ರಾಬಿನ್ ಡಾಸ್ ಮತ್ತು ನಥಾನಿಯಲ್ ಪೀಟರ್ಸನ್ 2013ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ವಿದ್ಯಾರ್ಥಿಗಳು ಬೇರೆ ವಿದ್ಯಾರ್ಥಿಗಳನ್ನು ಮಾತಾಡಿಸಿ, ಅವರಿಗೆ ಮುಂದೆ ಎಷ್ಟು ಅಂಕ ಬರಬಹುದು ಎಂದು ಊಹಿಸಬೇಕಿತ್ತು. ಉತ್ತರ ಕೊಡುವವರಲ್ಲಿ ಕೆಲವರಿಗೆ ಗುಟ್ಟಾಗಿ ಒಂದು ಸೂಚನೆ ಇತ್ತು. ಪ್ರಶ್ನೆಯ ಅರ್ಥ ನೋಡದೆ, ಅದರಲ್ಲಿನ ಅಕ್ಷರಗಳನ್ನು ನೋಡಿ ಒಂದು ನಿಯಮದಂತೆ "ಹೌದು" ಅಥವಾ "ಇಲ್ಲ" ಎನ್ನಬೇಕು. ಅಂದರೆ ಉತ್ತರಗಳಿಗೆ ತಲೆಬುಡವಿಲ್ಲ. ಕೇಳುತ್ತಿದ್ದವರಿಗೆ ಅದು ತಿಳಿಯಲೇ ಇಲ್ಲ. ಆ ಉತ್ತರಗಳಿಂದಲೂ ಎದುರಿಗಿದ್ದವರ ಒಂದು ಚಿತ್ರ ಕಟ್ಟಿಕೊಂಡರು. ಹಿಂದಿನ ಅಂಕಗಳನ್ನು ಮಾತ್ರ ನೋಡಿ ಊಹಿಸಿದಾಗ, ಮಾತಾಡಿಸಿ ಊಹಿಸಿದ್ದಕ್ಕಿಂತ ಫಲಿತಾಂಶ ಚೆನ್ನಾಗಿತ್ತು. ಮಾತುಕತೆ ಏನೂ ಸೇರಿಸಲಿಲ್ಲ ಎನ್ನುವುದಕ್ಕಿಂತ, ಇದ್ದ ಒಳ್ಳೆಯ ಮಾಹಿತಿಯನ್ನೂ ಕಲಕಿಬಿಟ್ಟಿತು.

ಅಮೆರಿಕದ ಹ್ಯೂಸ್ಟನ್‌ನ ವೈದ್ಯಕೀಯ ಕಾಲೇಜೊಂದರಲ್ಲಿ 1979ರಲ್ಲಿ ಯಾರೂ ಯೋಜಿಸದೆಯೇ ಇಂಥದ್ದೊಂದು ಪ್ರಯೋಗ ನಡೆದುಹೋಯಿತು. ಇಂಟರ್‌ವ್ಯೂಗಳೆಲ್ಲ ಮುಗಿದು 150 ಜನರ ಆಯ್ಕೆ ಆದಮೇಲೆ, ಇನ್ನೂ 50 ಜನರನ್ನು ತೆಗೆದುಕೊಳ್ಳಿ ಎಂದು ರಾಜ್ಯದ ಶಾಸನಸಭೆ ಹೇಳಿತು. ಆಗ ಉಳಿದಿದ್ದವರು ಮೊದಲ ಸುತ್ತಿನಲ್ಲಿ ಕೈಬಿಟ್ಟವರು ಮಾತ್ರ. ಅವರನ್ನೇ ಸೇರಿಸಿಕೊಂಡರು. ಓದಿನಲ್ಲೂ ಆಮೇಲಿನ ಮೊದಲ ವರ್ಷದ ತರಬೇತಿಯಲ್ಲೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಓದಿದಾಗ ನನಗೆ ನೆನಪಾದದ್ದು ಆ 50 ಜನರಲ್ಲ. ಬೇರೆ ಬೇರೆ ವರ್ಷಗಳಲ್ಲಿ ಇಂಥ ಅದೃಷ್ಟ ಸಿಗದೆ ಮನೆಗೆ ಹೋದವರು.

ಪ್ರಶ್ನೆಪಟ್ಟಿ ಮಾಡಿದರೆ ಮನುಷ್ಯತ್ವ ಹೋಗುತ್ತದೆ, ಯಂತ್ರದ ಹಾಗಾಗುತ್ತದೆ ಎಂದು ಹಲವರು ಹೇಳುತ್ತಾರೆ. ಈ ಆಕ್ಷೇಪ ಹೊಸದಲ್ಲ. ಮುಂದೆ ಹೆಸರಾಂತ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ 1950ರ ದಶಕದ ನಡುವಿನಲ್ಲಿ, ಇಪ್ಪತ್ತೊಂದು ಇಪ್ಪತ್ತೆರಡರ ವಯಸ್ಸಿನಲ್ಲಿ, ಇಸ್ರೇಲ್ ಸೈನ್ಯಕ್ಕೆ ಒಂದು ಇಂಟರ್‌ವ್ಯೂ ಕ್ರಮ ರೂಪಿಸಿಕೊಟ್ಟರು. ಆರು ಗುಣಗಳು. ಪ್ರತಿಯೊಂದಕ್ಕೂ ನಡೆದದ್ದರ ಬಗ್ಗೆ ನೇರ ಪ್ರಶ್ನೆಗಳು. ಒಂದು ಗುಣಕ್ಕೆ 1ರಿಂದ 5ರೊಳಗೆ ಅಂಕ ಕೊಟ್ಟು ಮುಗಿಸಿದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಇಂಟರ್‌ವ್ಯೂ ಮಾಡುವವರು ಸಿಟ್ಟಾದರು, ನಮ್ಮನ್ನು ರೋಬೋಗಳನ್ನಾಗಿ ಮಾಡುತ್ತಿದ್ದೀರಿ ಎಂದರು. ಅದಕ್ಕೆ ಅವರು ಒಂದು ದಾರಿ ಮಾಡಿಕೊಟ್ಟರು. ಎಲ್ಲ ಅಂಕ ಕೊಟ್ಟಾದ ಮೇಲೆ ಕಣ್ಣು ಮುಚ್ಚಿ, ಈ ಹುಡುಗ ಸೈನಿಕನಾಗಿ ಹೇಗಿರುತ್ತಾನೆ ಎಂದು ಕಲ್ಪಿಸಿಕೊಂಡು ಇನ್ನೊಂದು ಅಂಕ ಕೊಡಿ. ಮುಂದೆ ನೋಡಿದಾಗ ಆರು ಅಂಕಗಳ ಮೊತ್ತ ಸೈನಿಕರ ನಿಜವಾದ ಕೆಲಸಕ್ಕೆ ಹಳೆಯ ಕ್ರಮಕ್ಕಿಂತ ಎಷ್ಟೋ ಚೆನ್ನಾಗಿ ಹೊಂದಿತು. ಕಣ್ಣು ಮುಚ್ಚಿ ಕೊಟ್ಟ ಅಂಕವೂ ಅಷ್ಟೇ ಚೆನ್ನಾಗಿತ್ತು.

ಈ ಘಟನೆಯಿಂದ ನಾನು ತುಂಬಾ ಕಲಿತೆ. ಅಂತಃಪ್ರೇರಣೆ ಬೇಡ ಎಂದಲ್ಲ. ಅದಕ್ಕೆ ಮೊದಲು ಹೊಟ್ಟೆ ತುಂಬ ಮಾಹಿತಿ ಕೊಡಬೇಕು, ಆಮೇಲೆ ಅದರ ಮಾತು ಕೇಳಬೇಕು. ಮೊದಲೇ ಕೇಳಿದರೆ ಅದು ಬಟ್ಟೆ, ಭಾಷೆ, ನಗು ನೋಡಿ ಮಾತಾಡುತ್ತದೆ.

ಪ್ರಶ್ನೆಪಟ್ಟಿ ಎಂದರೆ ಕಾಗದ ನೋಡಿ ಒಂದೇ ದನಿಯಲ್ಲಿ ಓದುವುದಲ್ಲ. ನಗಬಹುದು, ನೀರು ಬೇಕೇ ಎಂದು ಕೇಳಬಹುದು. ಉತ್ತರ ಅರ್ಧಕ್ಕೆ ನಿಂತರೆ "ಆಮೇಲೆ ಏನಾಯಿತು?" ಎಂದು ಕೆದಕಬಹುದು. ಒಬ್ಬರಿಗೆ ಕೆದಕಿದಷ್ಟೇ ಇನ್ನೊಬ್ಬರಿಗೂ ಕೆದಕಬೇಕು, ಅಷ್ಟೇ. ಹಿಡಿಸಿದವರಿಗೆ ಮಾತ್ರ ಸುಳಿವು ಕೊಟ್ಟು ಉತ್ತರ ಬಾಯಿಗೆ ಹಾಕುವುದನ್ನು ನಾವೆಲ್ಲ ಗೊತ್ತಿಲ್ಲದೆ ಮಾಡುತ್ತೇವೆ.

"ಆಗ ಏನು ಮಾಡಿದಿರಿ?" ಮತ್ತು "ಹೀಗಾದರೆ ಏನು ಮಾಡುತ್ತೀರಿ?"

ಪ್ರಶ್ನೆಪಟ್ಟಿ ಎಂದು ತೀರ್ಮಾನಿಸಿದ ಮೇಲೆ ಎರಡನೇ ಆಯ್ಕೆ ಬರುತ್ತದೆ. ಪ್ರಶ್ನೆಗಳು ಹಿಂದೆ ನಡೆದದ್ದರ ಬಗ್ಗೆ ಇರಬೇಕೋ, ಮುಂದೆ ನಡೆಯಬಹುದಾದ್ದರ ಬಗ್ಗೆ ಇರಬೇಕೋ? ಸನ್ನಿವೇಶ ಕೊಟ್ಟು ಕೇಳುವ ಕ್ರಮವನ್ನು ಗ್ಯಾರಿ ಲೇಥಮ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದರು. ನಡೆದ ಘಟನೆಯನ್ನೇ ಹೇಳಿಸುವ ಕ್ರಮವನ್ನು ಟಾಮ್ ಜಾಂಝ್ 1982ರಲ್ಲಿ ಮುಂದಿಟ್ಟರು. ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. ಯಾರ ಎದುರು ಕೂತಿದ್ದೀರಿ ಎನ್ನುವುದರ ಮೇಲೆ ಆಯ್ಕೆ ನಿಂತಿದೆ.

ಅನುಭವ ಇದ್ದವರಿಗೆ ನಡೆದದ್ದನ್ನು ಕೇಳಿ. "ನೀವು ಕೊಟ್ಟ ಗಡುವಿಗೆ ಕೆಲಸ ಮುಗಿಯುವುದಿಲ್ಲ ಎಂದು ಗೊತ್ತಾದ ಒಂದು ಸಂದರ್ಭ ಹೇಳಿ. ಯಾವಾಗ ಗೊತ್ತಾಯಿತು? ಯಾರಿಗೆ ಹೇಳಿದಿರಿ? ಏನಾಯಿತು?" ಇಲ್ಲಿ ನಾಲ್ಕು ಸಂಗತಿ ಸಿಗಬೇಕು: ಪರಿಸ್ಥಿತಿ ಏನಿತ್ತು, ಅವರ ಪಾಲಿನ ಕೆಲಸ ಏನು, ಅವರು ಮಾಡಿದ್ದೇನು, ಕೊನೆಗೆ ಆದದ್ದೇನು. ಇಂಟರ್‌ವ್ಯೂ ತಯಾರಿ ಮಾಡಿಕೊಂಡವರು ಇದನ್ನು ಸ್ಟಾರ್ ಕ್ರಮ ಎಂದು ಗುರುತಿಸುತ್ತಾರೆ. ಗಮನವಿಟ್ಟು ಕೇಳಬೇಕಾದ್ದು "ನಾವು" ಎನ್ನುವ ಪದವನ್ನು. "ನಾವು ಸಿಸ್ಟಮ್ ಬದಲಾಯಿಸಿದೆವು" ಎಂದಾಗ "ಅದರಲ್ಲಿ ನಿಮ್ಮ ಕೈಯಿಂದ ಆದದ್ದು ಯಾವುದು?" ಎಂದು ಮೆಲ್ಲಗೆ ಕೇಳಿ. ನಿಜವಾಗಿ ಮಾಡಿದವರು ಒಳಗಿನ ವಿವರ ಹೇಳುತ್ತಾರೆ. ಎಲ್ಲಿ ಕೈ ಸುಟ್ಟಿತು, ಯಾವುದನ್ನು ಎರಡು ಸಲ ಮಾಡಬೇಕಾಯಿತು ಎಂದೆಲ್ಲ ನೆನಪಿರುತ್ತದೆ. ಬರೀ ಹತ್ತಿರ ನಿಂತು ನೋಡಿದವರಿಗೆ ಅದು ಇರುವುದಿಲ್ಲ. ಆದರೆ "ನಾವು" ಎಂದ ಮಾತ್ರಕ್ಕೆ ಅಂಕ ಕಡಿಮೆ ಮಾಡಬೇಡಿ. ಮಾಡಿದ್ದನ್ನು "ನಾನು ಮಾಡಿದೆ" ಎಂದು ಹೇಳಿಕೊಳ್ಳಲು ಹಿಂಜರಿಯುವವರು ತುಂಬಾ ಜನ ಇದ್ದಾರೆ. ಕೇಳುವುದು ನಮ್ಮ ಕೆಲಸ.

ಹೊಸಬರಿಗೆ ಇದೇ ಪ್ರಶ್ನೆ ಕೇಳಿದರೆ ಅನ್ಯಾಯವಾಗುತ್ತದೆ. ಓದುವಾಗ ದೊಡ್ಡ ಪ್ರಾಜೆಕ್ಟ್, ಇಂಟರ್ನ್‌ಶಿಪ್ ಸಿಕ್ಕವರ ಬಳಿ ಹೇಳಲು ಕಥೆ ಇರುತ್ತದೆ. ಮನೆಯ ಹೊಣೆ ಹೊತ್ತು ಓದಿದವರ ಬಳಿ ಆ ಬಗೆಯ ಕಥೆ ಇರುವುದಿಲ್ಲ. ಇಂಥವರಿಗೆ ಸನ್ನಿವೇಶ ಕೊಡಿ. ಕೆಲಸ ಬದಲಿಸಿ ಬೇರೆ ಕ್ಷೇತ್ರಕ್ಕೆ ಬರುತ್ತಿರುವವರಿಗೂ ಇದೇ ಸರಿ. ಸನ್ನಿವೇಶ ಬರೆಯುವುದರಲ್ಲಿ ಒಂದು ಗುಟ್ಟಿದೆ. ಅದರಲ್ಲಿ ಎರಡು ಒಳ್ಳೆಯ ವಿಷಯಗಳು ಒಂದಕ್ಕೊಂದು ಅಡ್ಡ ಬರಬೇಕು. "ಗ್ರಾಹಕರು ಸಿಟ್ಟಾದರೆ ಏನು ಮಾಡುತ್ತೀರಿ?" ಎಂದರೆ ಎಲ್ಲರೂ "ಸಮಾಧಾನದಿಂದ ಕೇಳುತ್ತೇನೆ" ಎನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ: "ಫೋನಿನಲ್ಲಿ ಒಬ್ಬ ಗ್ರಾಹಕರು ಹಣ ವಾಪಸ್ ಕೇಳುತ್ತಿದ್ದಾರೆ. ಅವರು ಹೇಳುವುದು ನ್ಯಾಯ ಎಂದು ನಿಮಗೆ ಅನಿಸುತ್ತದೆ. ಆದರೆ ನಿಯಮದ ಪ್ರಕಾರ ಗಡುವು ಒಂದು ದಿನ ಮೀರಿದೆ. ಮ್ಯಾನೇಜರ್ ಸಿಗುತ್ತಿಲ್ಲ. ಸಾಲಿನಲ್ಲಿ ಇನ್ನೂ ಆರು ಜನ ಕಾಯುತ್ತಿದ್ದಾರೆ." ಈಗ ಉತ್ತರಗಳು ಬೇರೆ ಬೇರೆ ಆಗುತ್ತವೆ.

ಅಂಕದ ಅಳತೆಯನ್ನು ಮೊದಲೇ ಬರೆದಿಡಿ. ಮೇಲಿನ ಪ್ರಶ್ನೆಗೇ ಹೇಳುವುದಾದರೆ, ನಿಯಮ ಓದಿ ಹೇಳಿ ಫೋನ್ ಇಡುತ್ತೇನೆ ಎಂದರೆ 1. ನಿಯಮ ವಿವರಿಸಿ, ಮ್ಯಾನೇಜರ್‌ಗೆ ತಿಳಿಸುತ್ತೇನೆ ಎಂದರೆ 3. ತನಗೆ ಎಷ್ಟು ಅಧಿಕಾರ ಇದೆ ಎಂದು ಯೋಚಿಸಿ, ಗ್ರಾಹಕರಿಗೆ ಯಾವಾಗ ಉತ್ತರ ಸಿಗುತ್ತದೆ ಎಂದು ನಿರ್ದಿಷ್ಟ ಸಮಯ ಕೊಟ್ಟು, ವಿಷಯ ಬರೆದಿಟ್ಟು, ಮುಂದಿನ ಕರೆಗೆ ಹೋಗುತ್ತೇನೆ ಎಂದರೆ 5. ಇದನ್ನು ಬರೆಯುವಾಗ ಟೀಮಿನಲ್ಲಿ ಈಗಾಗಲೇ ಆ ಕೆಲಸ ಚೆನ್ನಾಗಿ ಮಾಡುತ್ತಿರುವವರನ್ನು ಕೂರಿಸಿಕೊಳ್ಳಿ. ಅವರಿಗೆ ಗೊತ್ತಿರುವಷ್ಟು ಮ್ಯಾನೇಜರ್‌ಗೂ ಎಚ್‌ಆರ್‌ಗೂ ಗೊತ್ತಿರುವುದಿಲ್ಲ.

ಕೆಲಸ ಮಾಡಿಸಿಯೇ ನೋಡುವುದು

ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತೇವೆ. ಚೆನ್ನಾಗಿ ಮಾತಾಡುವವರೆಲ್ಲ ಚೆನ್ನಾಗಿ ಕೆಲಸ ಮಾಡುವುದಿಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಇದರ ಇನ್ನೊಂದು ಮಗ್ಗುಲು. ಇಂಟರ್‌ವ್ಯೂನಲ್ಲಿ ಬೆವರುವ, ತೊದಲುವ, ಎರಡೇ ಸಾಲಿನಲ್ಲಿ ಉತ್ತರ ಮುಗಿಸುವ ಎಷ್ಟೋ ಜನ ಮೇಜಿನ ಮುಂದೆ ಕೂತರೆ ಬಂಗಾರದಂಥ ಕೆಲಸ ಮಾಡುತ್ತಾರೆ. ಮಾತೇ ಕೆಲಸವಲ್ಲದ ಹುದ್ದೆಗೆ ಬರೀ ಮಾತಿನಿಂದ ಆರಿಸಿದರೆ ಇವರು ಪ್ರತಿ ಸಲವೂ ಸೋಲುತ್ತಾರೆ. ಕೈಕೆಲಸದ ಪರೀಕ್ಷೆ ಇವರಿಗೆ ಸಿಗುವ ಮೊದಲ ನ್ಯಾಯ.

1998ರ ಲೆಕ್ಕದಲ್ಲಿ ಇದಕ್ಕೆ 0.54 ಇತ್ತು, 2022ರ ಲೆಕ್ಕದಲ್ಲಿ 0.33. ಈ ಇಳಿತ ನೋಡಿ ಬಿಟ್ಟುಬಿಡಬೇಡಿ. ಕೈಯಲ್ಲಿ ಕುಶಲತೆ ಇರಲೇಬೇಕಾದ ಹುದ್ದೆಗೆ ಇದನ್ನು ಪ್ರಶ್ನೆಪಟ್ಟಿಯ ಜೊತೆಗೆ ಸೇರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅನುವಾದಕರಿಗೆ ಒಂದು ಪುಟ ಕೊಡಿ. ಲೆಕ್ಕಪತ್ರ ನೋಡುವವರಿಗೆ ಬೇಕೆಂದೇ ಮೂರು ತಪ್ಪು ಸೇರಿಸಿದ ಒಂದು ಶೀಟ್ ಕೊಡಿ. ಪಾಠ ಮಾಡುವವರಿಗೆ ಹದಿನೈದು ನಿಮಿಷ ಪಾಠ ಮಾಡಲು ಹೇಳಿ.

ಆದರೆ ಇದರಲ್ಲಿ ಸುಲಭವಾಗಿ ತಪ್ಪು ನಡೆಯುತ್ತದೆ. ಒಂದು, ಉದ್ದ. ಮನೆಗೆ ಕೊಟ್ಟ "ಚಿಕ್ಕ ಅಸೈನ್‌ಮೆಂಟ್" ಮಾಡಲು ಶನಿವಾರ ಭಾನುವಾರ ಎರಡೂ ಬೇಕಾಗುತ್ತದೆ. ಪುಟ್ಟ ಮಕ್ಕಳಿರುವವರು, ವಯಸ್ಸಾದವರನ್ನು ನೋಡಿಕೊಳ್ಳುವವರು, ಎರಡು ಕೆಲಸ ಮಾಡುವವರು ಅಲ್ಲೇ ಹಿಂದೆ ಸರಿಯುತ್ತಾರೆ. ಒಂದೂವರೆ ಗಂಟೆ ದಾಟಿಸಬೇಡಿ. ದಾಟಲೇಬೇಕಾದರೆ ಆ ಸಮಯಕ್ಕೆ ಹಣ ಕೊಡಿ. ಇನ್ನೊಂದು, ಕಂಪನಿಗೆ ನಿಜವಾಗಿ ಬೇಕಿರುವ ಕೆಲಸವನ್ನೇ ಪರೀಕ್ಷೆ ಎಂದು ಕೊಟ್ಟು ಪುಕ್ಕಟೆ ಮಾಡಿಸಿಕೊಳ್ಳುವುದು. ಅದು ಮೋಸ. ಕೊಡುವ ಮೊದಲು ನೀವೇ ಕೂತು ಒಮ್ಮೆ ಮಾಡಿ ನೋಡಿ. ನಿಮಗೆ ಹಿಡಿದ ಸಮಯಕ್ಕಿಂತ ಒಂದೂವರೆ ಪಟ್ಟು ಅವರಿಗೆ ಕೊಡಿ, ಯಾಕೆಂದರೆ ನಿಮಗೆ ಒಳಗಿನದ್ದೆಲ್ಲ ಗೊತ್ತು.

ಮನೆಗೆ ಕೊಡುವುದೋ, ಎದುರಿಗೆ ಮಾಡಿಸುವುದೋ? ಎಐ ಸಾಧನಗಳು ಎಲ್ಲರ ಕೈಗೆ ಬಂದ ಮೇಲೆ ಮನೆಯಿಂದ ಬಂದ ಉತ್ತರ ಯಾರದ್ದು ಎಂದು ಹೇಳುವುದು ಕಷ್ಟ. ಅದಕ್ಕೆ ಪೊಲೀಸರ ಹಾಗೆ ಹುಡುಕಾಡುವುದಕ್ಕಿಂತ, ಅವರು ಕಳಿಸಿದ್ದರ ಬಗ್ಗೆಯೇ ಇಪ್ಪತ್ತು ನಿಮಿಷ ಮಾತಾಡಿ. "ಇಲ್ಲಿ ಈ ದಾರಿ ಯಾಕೆ? ಈ ಒಂದು ಷರತ್ತು ಬದಲಾದರೆ ಏನು ಬದಲಿಸುತ್ತೀರಿ?" ಸಾಧನ ಬಳಸಿದರೂ ಅರ್ಥ ಮಾಡಿಕೊಂಡು ಬಳಸಿದವರು ಇಲ್ಲಿ ಗೆಲ್ಲುತ್ತಾರೆ, ಗೆಲ್ಲಲಿ. ಎದುರಿಗೆ ಮಾಡಿಸುವುದಾದರೆ ಹೆಗಲ ಮೇಲಿಂದ ಇಣುಕಬೇಡಿ. ಹಿಂದೆ ಯಾರೋ ನಿಂತು ನೋಡುತ್ತಿದ್ದರೆ ನನಗಂತೂ ನನ್ನ ಹೆಸರು ಬರೆಯುವಾಗಲೂ ಕೈ ನಡುಗುತ್ತದೆ.

ಒಬ್ಬರೇ, ಪ್ಯಾನೆಲ್, ಅಥವಾ ಸಾಲಾಗಿ ಹಲವರು

ಪ್ಯಾನೆಲ್‌ನಲ್ಲಿ ಎಲ್ಲರೂ ಒಂದೇ ಉತ್ತರ ಕೇಳುತ್ತಾರೆ, ಕ್ಯಾಂಡಿಡೇಟ್ ಒಂದೇ ಸಲ ಬಂದರೆ ಸಾಕು. ಆದರೆ ಐದು ಜನ ಒಂದು ಕಡೆ, ಒಬ್ಬರು ಇನ್ನೊಂದು ಕಡೆ ಎಂದರೆ ಎದೆ ಹೊಡೆದುಕೊಳ್ಳುತ್ತದೆ. ಮೂವರು ಸಾಕು. ಒಬ್ಬೊಬ್ಬರೇ ಬೇರೆ ಬೇರೆಯಾಗಿ ಮಾತಾಡಿಸಿದರೆ ಒತ್ತಡ ಕಡಿಮೆ, ಅಭಿಪ್ರಾಯಗಳೂ ಸ್ವತಂತ್ರ. ಆದರೆ "ನಿಮ್ಮ ಬಗ್ಗೆ ಹೇಳಿ" ಎಂದು ನಾಲ್ವರೂ ಕೇಳಿದರೆ ನಾಲ್ಕು ರೌಂಡ್ ಮಾಡಿಯೂ ಒಂದೇ ರೌಂಡ್ ಮಾಡಿದ ಹಾಗೆ. ಯಾರು ಯಾವ ವಿಷಯ ನೋಡಬೇಕು ಎಂದು ಹಂಚಿಕೊಳ್ಳಿ.

ಯಾವುದನ್ನು ಆರಿಸಿದರೂ ಒಂದು ಕಟ್ಟುನಿಟ್ಟು ಬೇಕು. ಪರಸ್ಪರ ಮಾತಾಡುವ ಮೊದಲು ಪ್ರತಿಯೊಬ್ಬರೂ ತಮ್ಮ ಅಂಕವನ್ನು ಬರೆದಿಡಬೇಕು. ಕ್ಯಾಂಡಿಡೇಟ್ ಬಾಗಿಲು ದಾಟುತ್ತಿದ್ದ ಹಾಗೆ ಹಿರಿಯ ಮ್ಯಾನೇಜರ್ "ಪರವಾಗಿಲ್ಲ, ಅಲ್ವಾ?" ಎಂದರೆ ಮುಗಿಯಿತು, ಉಳಿದವರ ಅಭಿಪ್ರಾಯ ಅಲ್ಲೇ ಅದರ ಕಡೆ ವಾಲುತ್ತದೆ. ಅಂಕಗಳನ್ನು ತೆರೆದ ಮೇಲೆ ಎರಡಕ್ಕಿಂತ ಜಾಸ್ತಿ ಅಂತರ ಇರುವ ಕಡೆ ಮಾತ್ರ ಚರ್ಚೆ ಮಾಡಿ. ಕಿರಿಯರು ಮೊದಲು ಮಾತಾಡಲಿ.

ಎಷ್ಟು ರೌಂಡ್? ಗೂಗಲ್ ತನ್ನದೇ ನೇಮಕಾತಿಯ ಅಂಕಿಗಳನ್ನು ನೋಡಿ, ನಾಲ್ಕು ಇಂಟರ್‌ವ್ಯೂ ಆದಮೇಲೆ ಇನ್ನಷ್ಟು ಮಾಡಿದರೂ ತೀರ್ಮಾನ ಹೇಳಿಕೊಳ್ಳುವಷ್ಟು ಸುಧಾರಿಸುವುದಿಲ್ಲ ಎಂದು ಕಂಡುಕೊಂಡಿತು. ಅಷ್ಟು ದೊಡ್ಡ ಕಂಪನಿಗೇ ನಾಲ್ಕು ಸಾಕು ಎಂದರೆ ಹತ್ತು ಜನರ ಆಫೀಸಿಗೆ ಏಳು ರೌಂಡ್ ಯಾಕೆ? ನನ್ನ ಮಟ್ಟಿಗೆ ಎರಡು, ಹೆಚ್ಚೆಂದರೆ ಮೂರು.

ಒಂದೇ ಹುದ್ದೆಗೆ ನೂರಾರು ಜನ ಬಂದಾಗ ಇನ್ನೊಂದು ದಾರಿ ಇದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ವೈದ್ಯಕೀಯ ಪ್ರವೇಶಕ್ಕಾಗಿ ಮಾಡಿದ ಕ್ರಮ ಅದು, 2004ರಲ್ಲಿ ಪ್ರಕಟವಾಯಿತು. ಸುಮಾರು ಹತ್ತು ಕೋಣೆ, ಒಂದೊಂದರಲ್ಲೂ ಎಂಟು ನಿಮಿಷ, ಒಂದೊಂದು ಸನ್ನಿವೇಶ, ಒಬ್ಬೊಬ್ಬ ಪರೀಕ್ಷಕರು. ಒಂದು ಕೋಣೆಯಲ್ಲಿ ಎಡವಿದರೆ ಮುಂದಿನದರಲ್ಲಿ ಹೊಸದಾಗಿ ಶುರು. ಒಬ್ಬ ಪರೀಕ್ಷಕರ ಇಷ್ಟಾನಿಷ್ಟ ಇಡೀ ಫಲಿತಾಂಶವನ್ನು ಕೆಡಿಸುವುದಿಲ್ಲ. ದೊಡ್ಡ ನೇಮಕಾತಿ ಮಾಡುವವರು ಇದನ್ನು ಗಂಭೀರವಾಗಿ ಯೋಚಿಸಬೇಕು.

ಗುಂಪು ಚರ್ಚೆ ನನಗೆ ಅಷ್ಟು ಹಿಡಿಸುವುದಿಲ್ಲ. ಅಲ್ಲಿ ಗೆಲ್ಲುವವರು ಹೆಚ್ಚಾಗಿ ಜೋರಾಗಿ ಮಾತಾಡುವವರು. ಒಟ್ಟಿಗೆ ಕೂತು ವಾದಿಸಿ ನಿರ್ಧಾರಕ್ಕೆ ಬರುವುದೇ ದಿನದ ಕೆಲಸವಾಗಿದ್ದರೆ ಮಾತ್ರ ಇಟ್ಟುಕೊಳ್ಳಿ.

ಫೋನ್, ವೀಡಿಯೊ, ರೆಕಾರ್ಡಿಂಗ್

ಫೋನ್ ಕರೆ ಮೊದಲ ಜರಡಿಗೆ ಚೆನ್ನ. ಸಂಬಳ, ಊರು, ಶಿಫ್ಟ್, ಸೇರುವ ದಿನ, ಇರಲೇಬೇಕಾದ ಪರವಾನಗಿ ಅಥವಾ ಅರ್ಹತೆ. ಹದಿನೈದು ನಿಮಿಷ. ಸಂಬಳ ಎಷ್ಟು ಎಂದು ಇಲ್ಲೇ ಹೇಳಿಬಿಡಿ, ಮೂರನೇ ರೌಂಡ್‌ವರೆಗೆ ಕಾಯಿಸಬೇಡಿ. ಈ ಕರೆಯಲ್ಲಿ ದನಿ ಕೇಳಿ ಮನುಷ್ಯರನ್ನು ಅಳೆಯಬೇಡಿ.

ವೀಡಿಯೊ ಕರೆಯಲ್ಲಿ ಮಾಡುವುದಾದರೆ ಎಲ್ಲರಿಗೂ ವೀಡಿಯೊ, ನೇರ ಎಂದರೆ ಎಲ್ಲರಿಗೂ ನೇರ. ಒಬ್ಬರು ಎದುರಿಗೆ ಕೂತು, ಇನ್ನೊಬ್ಬರು ಕಡಿದು ಕಡಿದು ಬರುವ ನೆಟ್‌ವರ್ಕ್‌ನಲ್ಲಿ ಉತ್ತರ ಕೊಟ್ಟರೆ ಹೋಲಿಕೆ ಸರಿಯಾಗುವುದಿಲ್ಲ.

ಕ್ಯಾಂಡಿಡೇಟ್ ಒಬ್ಬರೇ ಕ್ಯಾಮೆರಾ ಮುಂದೆ ಕೂತು ಉತ್ತರ ರೆಕಾರ್ಡ್ ಮಾಡಿ ಕಳಿಸುವ ಬಗೆ ಈಗ ಸಾಮಾನ್ಯವಾಗಿದೆ. ಕಂಪನಿಗೆ ಸಮಯ ಉಳಿಯುತ್ತದೆ. ಆದರೆ ಮಾಡುವವರಿಗೆ ಗೋಡೆಯ ಜೊತೆ ಮಾತಾಡಿದ ಹಾಗೆ. ಪ್ರಶ್ನೆ ಅರ್ಥವಾಗದಿದ್ದರೆ ಕೇಳಲು ಯಾರೂ ಇಲ್ಲ. ಬಳಸಲೇಬೇಕೆಂದಿದ್ದರೆ ಮತ್ತೊಮ್ಮೆ ರೆಕಾರ್ಡ್ ಮಾಡುವ ಅವಕಾಶ ಕೊಡಿ, ಮನುಷ್ಯರೇ ನೋಡಿ. ಮುಖಭಾವ ನೋಡಿ ಅಂಕ ಕೊಡುವ ಸಾಫ್ಟ್‌ವೇರ್‌ಗಳಿಂದ ದೂರ ಇರಿ. ಈ ಕ್ಷೇತ್ರದ ಹೈರ್‌ವ್ಯೂ ಕಂಪನಿ ತನ್ನ ಮುಖ ವಿಶ್ಲೇಷಣೆಯನ್ನು ಕೈಬಿಟ್ಟಿದ್ದಾಗಿ 2021ರಲ್ಲಿ ತಿಳಿಸಿತು. ಕೆಲಸದ ಜಾಗದಲ್ಲಿ ಎಐ ಬಳಸಿ ಜನರ ಭಾವನೆ ಊಹಿಸುವುದನ್ನು ಐರೋಪ್ಯ ಒಕ್ಕೂಟದ ಕಾನೂನು 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳಿಗೆ ಮಾತ್ರ ವಿನಾಯಿತಿ ಇದೆ.

ಬಿಟ್ಟುಬಿಡಬೇಕಾದವು

ಒಗಟು ಕೇಳುವುದು. ಒಂದು ಬಸ್ಸಿನಲ್ಲಿ ಎಷ್ಟು ಚೆಂಡು ಹಿಡಿಯುತ್ತವೆ ಎಂಬಂಥ ಪ್ರಶ್ನೆಗಳು. ಗೂಗಲ್‌ನಲ್ಲಿ ನೇಮಕಾತಿಯ ಹೊಣೆ ಹೊತ್ತಿದ್ದ ಲಾಸ್ಲೊ ಬಾಕ್ ಇವುಗಳಿಂದ ಪೂರ್ತಿ ಸಮಯ ವ್ಯರ್ಥ ಎಂದು 2013ರಲ್ಲಿ ಬಹಿರಂಗವಾಗಿಯೇ ಹೇಳಿದರು. ಸಾಮಾನ್ಯ ಜ್ಞಾನದ ಪ್ರಶ್ನೆಗಳೂ ಹಾಗೆಯೇ. ಥಾಮಸ್ ಎಡಿಸನ್ ಕೆಲಸಕ್ಕೆ ಬರುವವರಿಗೆ ನೂರಕ್ಕೂ ಹೆಚ್ಚು ಇಂಥ ಪ್ರಶ್ನೆ ಕೇಳುತ್ತಿದ್ದರು, ಫ್ರಾನ್ಸ್‌ನ ಸುತ್ತ ಇರುವ ದೇಶಗಳು ಯಾವುವು ಎಂಬಂಥವು. 1921ರಲ್ಲಿ ಅದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದೇ ವರ್ಷ ಅಮೆರಿಕಕ್ಕೆ ಬಂದಿದ್ದ ಐನ್‌ಸ್ಟೈನ್ ಅವರಿಗೆ ಅದರಲ್ಲಿನ ಒಂದು ಪ್ರಶ್ನೆ ಹಾಕಿದರು: ಶಬ್ದದ ವೇಗ ಎಷ್ಟು? ಪುಸ್ತಕದಲ್ಲಿ ಸುಲಭವಾಗಿ ಸಿಗುವುದನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂದರು ಅವರು.

ಬೇಕೆಂದೇ ಕಾಯಿಸಿ, ಗದರಿ, ಹೀಯಾಳಿಸಿ "ಒತ್ತಡ ತಡೆಯುತ್ತಾರಾ" ಎಂದು ನೋಡುವುದನ್ನು ಇವತ್ತೇ ನಿಲ್ಲಿಸಿ. ಅಪರಿಚಿತರ ಅವಮಾನ ಸಹಿಸುವುದಕ್ಕೂ ತುರ್ತು ಕೆಲಸದಲ್ಲಿ ತಲೆ ತಣ್ಣಗಿಡುವುದಕ್ಕೂ ಸಂಬಂಧವಿಲ್ಲ. ಒತ್ತಡವಿರುವ ಕೆಲಸವಾದರೆ ಆ ಕೆಲಸದ್ದೇ ಸನ್ನಿವೇಶ ಕೊಡಿ. ಮದುವೆ, ಮಕ್ಕಳು, ಧರ್ಮ, ಜಾತಿ, ಆರೋಗ್ಯ ಇವುಗಳ ಬಗ್ಗೆ "ಸುಮ್ನೆ ಕೇಳಿದೆ" ಎಂದೂ ಕೇಳಬಾರದು. ಹಲವು ದೇಶಗಳಲ್ಲಿ ಇದು ಕಾನೂನಿನ ತೊಡಕು. ಕಾನೂನು ಇಲ್ಲದಿದ್ದರೂ ಉತ್ತರ ಕೊಡಲಾರದೆ, ಕೊಡದಿರಲಾರದೆ ಒಬ್ಬರು ಕುಗ್ಗುವುದನ್ನು ನೋಡಲು ನಾವು ಅಲ್ಲಿ ಕೂತಿರುವುದಿಲ್ಲ.

ಹಾಗಾದರೆ ನನ್ನ ಹುದ್ದೆಗೆ ಯಾವುದು?

ಗ್ರಾಹಕರ ಜೊತೆ ಮಾತಾಡುವ ಕೆಲಸಕ್ಕೆ ಹೊಸಬರನ್ನು ತೆಗೆದುಕೊಳ್ಳುತ್ತಿದ್ದರೆ: ಫೋನ್ ಜರಡಿ, ಆಮೇಲೆ ಐದು ಸನ್ನಿವೇಶಗಳ ಪ್ರಶ್ನೆಪಟ್ಟಿ, ಕೊನೆಗೆ ಹತ್ತು ನಿಮಿಷದ ಅಣಕು ಕರೆ. ಅಷ್ಟೂ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ಅನುಭವಿ ಲೆಕ್ಕಿಗರು, ಪ್ರೋಗ್ರಾಮರ್, ವಿನ್ಯಾಸಕಾರರಿಗೆ: ಒಂದು ಗಂಟೆಯ ಕೈಕೆಲಸ, ಅದರ ಬಗ್ಗೆ ಮಾತು, ಜೊತೆಗೆ ನಡೆದ ಘಟನೆಗಳ ಬಗ್ಗೆ ಮೂರು ನಾಲ್ಕು ಪ್ರಶ್ನೆ. ಹಿಂದೆ ಮಾಡಿದ ಕೆಲಸದ ಮಾದರಿ ಅವರ ಬಳಿ ಇದ್ದರೆ ಹೊಸ ಪರೀಕ್ಷೆಯೇ ಬೇಡ, ಅದನ್ನೇ ಎದುರಿಗಿಟ್ಟು ಮಾತಾಡಿ.

ಮ್ಯಾನೇಜರ್ ಹುದ್ದೆಗೆ ಕೈಕೆಲಸ ಕೊಡುವುದು ಕಷ್ಟ. ಇಲ್ಲಿ ನಡೆದದ್ದನ್ನು ಕೇಳುವ ಪ್ರಶ್ನೆಗಳೇ ಮುಖ್ಯ, ಅವನ್ನೇ ಆಳವಾಗಿ ಕೇಳಬೇಕು. "ನಿಮ್ಮ ಕೈಕೆಳಗೆ ಕೆಲಸ ಮಾಡುತ್ತಿದ್ದವರಿಗೆ ನೀವು ಹೇಳಿದ ಅತಿ ಕಷ್ಟದ ಮಾತು ಯಾವುದು? ಯಾವ ಪದಗಳಲ್ಲಿ ಹೇಳಿದಿರಿ?" ಎರಡನೇ ಭಾಗ ಬಿಡಬೇಡಿ. ಆ ಪದಗಳಲ್ಲಿ ಮನುಷ್ಯರು ಕಾಣುತ್ತಾರೆ. ಸಾಧ್ಯವಾದರೆ ಪ್ಯಾನೆಲ್‌ನಲ್ಲಿ ಮುಂದೆ ಅವರ ಕೈಕೆಳಗೆ ಕೆಲಸ ಮಾಡುವ ಒಬ್ಬರಿರಲಿ.

ಎಚ್‌ಆರ್ ಇಲ್ಲದ ಚಿಕ್ಕ ಟೀಮ್, ಮೊದಲ ನೇಮಕಾತಿ, ಸಮಯವೇ ಇಲ್ಲ ಎಂದಾದರೆ ಇಷ್ಟಾದರೂ ಮಾಡಿ: ಆರು ಪ್ರಶ್ನೆ ಬರೆದುಕೊಳ್ಳಿ, ಎಲ್ಲರಿಗೂ ಅವನ್ನೇ ಕೇಳಿ, ಪ್ರತಿ ಉತ್ತರ ಮುಗಿದ ಕೂಡಲೇ ಅಂಕ ಹಾಕಿ. ಎಲ್ಲರೂ ಬಂದುಹೋದ ಮೇಲೆ ಒಬ್ಬೊಬ್ಬರ ಉತ್ತರವನ್ನಲ್ಲ, ಒಂದೊಂದು ಪ್ರಶ್ನೆಗೆ ಎಲ್ಲರ ಉತ್ತರವನ್ನು ಪಕ್ಕಪಕ್ಕ ಇಟ್ಟು ನೋಡಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎಲ್ಲರಿಗೂ ಅದೇ ಎಂದರೆ ಯಾರಿಗೂ ಏನೂ ಬದಲಿಸಬಾರದು ಎಂದು ಅರ್ಥವಲ್ಲ. ಕಿವಿ ಕೇಳಿಸದವರಿಗೆ ಪ್ರಶ್ನೆಯನ್ನು ಬರೆದು ಕೊಡಿ. ತೊದಲು ಇರುವವರಿಗೆ ಹೆಚ್ಚು ಸಮಯ ಕೊಡಿ. ಅಳೆಯುವ ವಿಷಯ ಒಂದೇ ಇರಲಿ, ಅಲ್ಲಿಗೆ ತಲುಪುವ ದಾರಿ ಬೇರೆಯಾದರೆ ತಪ್ಪಿಲ್ಲ. ಪ್ರಶ್ನೆಗಳ ವಿಷಯವನ್ನು ಒಂದು ದಿನ ಮೊದಲೇ ಎಲ್ಲರಿಗೂ ಕಳಿಸುವುದನ್ನು ನಾನು ಕೆಲವು ವರ್ಷಗಳಿಂದ ರೂಢಿ ಮಾಡಿಕೊಂಡಿದ್ದೇನೆ. ಉತ್ತರಗಳು ಎಷ್ಟೋ ತುಂಬಿ ಬರುತ್ತವೆ. ಗಾಬರಿ ಪರೀಕ್ಷಿಸುವುದು ನನ್ನ ಉದ್ದೇಶವಲ್ಲವಲ್ಲ.

ಮುಕ್ತ ಮಾತುಕತೆಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಅದನ್ನು ಕೊನೆಗೆ ಇಟ್ಟಿದ್ದೇನೆ, ಅಂಕದ ಹಾಳೆ ಮಗುಚಿಟ್ಟ ಮೇಲೆ. ಆ ಹದಿನೈದು ನಿಮಿಷ ಅವರದ್ದು. ಅವರು ಕೇಳುತ್ತಾರೆ, ನಾನು ಹೇಳುತ್ತೇನೆ: ಈ ಕೆಲಸದಲ್ಲಿ ಬೇಸರ ತರುವುದು ಯಾವುದು, ಹಿಂದಿದ್ದವರು ಯಾಕೆ ಬಿಟ್ಟರು, ಮೊದಲ ವಾರ ಹೇಗಿರುತ್ತದೆ. ಏಳುವ ಮೊದಲು ಒಂದು ದಿನಾಂಕ ಕೊಡುತ್ತೇನೆ. ಆ ದಿನ ಆಯ್ಕೆಯಾದವರಿಗೂ ಆಗದವರಿಗೂ ಫೋನ್ ಮಾಡುತ್ತೇನೆ. ಆಗದವರಿಗೆ ಮೊದಲು.